ಮೋಲ್ಡಿಗೆ ಬೆಲ್ಲ ಬಿದ್ದಿದೆ, ಮೂಲೆ ಇನ್ನೂ ಹಸಿಯಾಗಿದೆ

ಮನೆ ಕಟ್ಟುವವರ ಬಳಗ, ಭಾನುವಾರದ ಪ್ರಶ್ನೋತ್ತರ

ತುಮಕೂರಿನ ಸದಸ್ಯ: ನಮಸ್ಕಾರ ಸರ್. ಮೊನ್ನೆ ಚಾವಣಿಗೆ ಕಾಂಕ್ರೀಟ್ ಮೋಲ್ಡ್ ಹಾಕಿದೆವು. ಎಷ್ಟು ದಿನ ನೀರು ನಿಲ್ಲಿಸಬೇಕು?

ಎಂಜಿನಿಯರ್: ನಮಸ್ಕಾರ. ಒಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ಆದರೆ ಕನಿಷ್ಠ 7 ದಿನ. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟ್ ಆದರೆ ಕನಿಷ್ಠ 10; 14 ದಿನ ಕೊಟ್ಟರೆ ಇನ್ನೂ ಒಳ್ಳೆಯದು. ಮೂಟೆಯ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ.

ರಾಣೆಬೆನ್ನೂರಿನ ಸದಸ್ಯೆ: ಇಟ್ಟಿಗೆ ಗೋಡೆಗೆ ಗಾರೆ ಎಷ್ಟಕ್ಕೆ ಎಷ್ಟು ಕಲಸಿಸಲಿ?

ಎಂಜಿನಿಯರ್: 9 ಇಂಚಿನ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ನಾಲ್ಕೂವರೆ ಇಂಚಿನದಕ್ಕೆ ಒಂದಕ್ಕೆ ನಾಲ್ಕು. ಇಟ್ಟಿಗೆಯನ್ನು ನೆನೆಸಿ ಕಟ್ಟಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ.

ಪುತ್ತೂರಿನ ಸದಸ್ಯ: ಮುರಕಲ್ಲಿನ ಗೋಡೆಗೆ ಒಳಗಿನಿಂದ ಮಾತ್ರ ಗಿಲಾವು ಮಾಡಿಸಿದರೆ ಸಾಕೇ?

ಅರಸೀಕೆರೆಯ ಸದಸ್ಯ: ಸರ್, ಮೋಲ್ಡ್ ಹಾಕಿ ನಾಲ್ಕು ದಿನವಾಯಿತು. ಮುಕ್ಕಾಲು ಭಾಗ ಕಲ್ಲಿನಂತಿದೆ, ಅಡುಗೆಮನೆಯ ಮೇಲಿನ ಮೂಲೆಯಲ್ಲಿ ಉಗುರು ಇಳಿಯುತ್ತದೆ. ಬೆಲ್ಲ ಹಾಕಿದರೆ ನೂರು ವರ್ಷ ಬಾಳುತ್ತದೆ ಎಂಬ ಸಂದೇಶ ಮೊಬೈಲಿಗೆ ಬಂದಿತ್ತು. ಮಾವನವರು ಕಾಂಕ್ರೀಟ್ ಕಲಸುವ ನೀರಿನ ಕೊನೆಯ ಡ್ರಮ್ಮಿಗೆ ಎರಡು ಅಚ್ಚು ಬೆಲ್ಲ ಕರಗಿಸಿದರು. ಮೇಲೆ ಒಣ ಸಿಮೆಂಟ್ ಉದುರಿಸೋಣವೆಂದು ಮೇಸ್ತ್ರಿ ಹೇಳುತ್ತಿದ್ದಾನೆ.

ಎಂಜಿನಿಯರ್: ಡ್ರಮ್ ಎಷ್ಟು ಲೀಟರಿನದು? ಒಂದು ಅಚ್ಚಿನ ತೂಕ ಎಷ್ಟು?

ಅರಸೀಕೆರೆಯ ಸದಸ್ಯ: 200 ಲೀಟರ್. ಅಚ್ಚು ಒಂದು ಕಿಲೋ.

ಎಂಜಿನಿಯರ್: ಮೊದಲು ಕೆಳಗಿರುವವರನ್ನೆಲ್ಲ ಹೊರಗೆ ಕಳುಹಿಸಿ. ಮೇಲೆ ಯಾರೂ ಹತ್ತಬಾರದು. ಒಣ ಸಿಮೆಂಟ್ ಬೇಡವೇ ಬೇಡ. ಮೇಲೊಂದು ಹಪ್ಪಳ ಕಟ್ಟಿಕೊಂಡು ಒಳಗಿನ ರೋಗವನ್ನು ಮುಚ್ಚಿಡುತ್ತದೆ, ಅಷ್ಟೇ.

ಈಗ ಲೆಕ್ಕ. 200 ಲೀಟರ್ ನೀರು ಸುಮಾರು ಏಳು ಮೂಟೆಗೆ ಆಗುತ್ತದೆ. ಅಂದರೆ ಮೂಟೆಗೆ 280 ಗ್ರಾಂ ಬೆಲ್ಲ. 50 ಕಿಲೋ ಸಿಮೆಂಟಿಗೆ 25 ಗ್ರಾಂ ಸಕ್ಕರೆ ಬಿದ್ದರೂ ಅದು ಬಿಗಿಯುವುದು ಕೆಲವು ಗಂಟೆ ತಡವಾಗುತ್ತದೆ. 100 ಗ್ರಾಂ ದಾಟಿದರೆ ಬಿಗಿಯುವುದೇ ಸಂಶಯ. ಬೆಲ್ಲವೆಲ್ಲ ಸಕ್ಕರೆಯಲ್ಲ, ಒಪ್ಪುತ್ತೇನೆ. ಆದರೂ ನೀವು ಆ ಗೆರೆಯನ್ನು ದಾಟಿದ್ದೀರಿ. ಕಾಂಕ್ರೀಟ್ ಸಾಗಿಸುವ ಲಾರಿ ಕೆಟ್ಟು ನಿಂತಾಗ ಅದರ ತಿರುಗುವ ಡ್ರಮ್ಮಿನೊಳಗಿನ ಕಾಂಕ್ರೀಟ್ ಕಲ್ಲಾಗದಿರಲೆಂದು ಸಕ್ಕರೆ ಸುರಿಯುವುದುಂಟು. ನಿಮ್ಮ ಮಾವನವರು ಅದನ್ನೇ ಚಾವಣಿಗೆ ಮಾಡಿದ್ದಾರೆ.

ಆಸೆ ಪೂರ್ತಿ ಬಿಡಬೇಡಿ. ಸಿಮೆಂಟ್ ನೀರಿನೊಡನೆ ವರ್ತಿಸಿ ಗಟ್ಟಿಯಾಗುತ್ತದೆ; ಸಕ್ಕರೆ ಕಣಗಳಿಗೆ ಅಂಟಿಕೊಂಡು ಅದಕ್ಕೆ ಅಡ್ಡ ನಿಲ್ಲುತ್ತದೆ. ಒಣಗಲು ಬಿಡದಿದ್ದರೆ ತಡವಾಗಿಯಾದರೂ ಬಿಗಿಯಬಹುದು. ಆ ಮೂಲೆಗೆ ಒದ್ದೆ ಗೋಣಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಡಿ. ನಾಲ್ಕೂವರೆ ಮೀಟರ್ ಒಳಗಿನ ಚಾವಣಿಗೆ 7 ದಿನದ ಮೇಲೆ ಕೆಳಗಿನ ಆಸರೆ ಕಂಬ ತೆಗೆಯಬಹುದೆಂಬ ಮಾತು ಸರಿಯಾಗಿ ಬಿಗಿದ ಕಾಂಕ್ರೀಟಿಗೆ ಮಾತ್ರ, ನಿಮ್ಮದಕ್ಕಲ್ಲ. 28 ದಿನವಾದ ಮೇಲೆ ಅಲ್ಲಿಂದ ಮೂರು ಕೋರ್, ಅಂದರೆ ಉರುಳೆಯಾಕಾರದ ತುಂಡು, ಕೊರೆಸಿ ತೆಗೆದು ಯಂತ್ರದಲ್ಲಿ ಒತ್ತಿ ನೋಡಬೇಕು. ಸರಾಸರಿ ಬಲ ನಿಗದಿಯ ಶೇಕಡ 85 ಇರಬೇಕು, ಯಾವುದೂ 75ಕ್ಕಿಂತ ಕೆಳಗಿರಬಾರದು. ಬಾರದಿದ್ದರೆ ಆ ಭಾಗವನ್ನು ಒಡೆದು ಮತ್ತೆ ಹಾಕಬೇಕು.

ಮಂಡ್ಯದ ಸದಸ್ಯ: ಹೆದರಿಸಬೇಡಿ ಸರ್. ಕನ್ನಂಬಾಡಿ ಕಟ್ಟೆಗೆ ಸಿಮೆಂಟೇ ಹಾಕಿಲ್ಲ. ಹಿರಿಯರ ಬೆಲ್ಲ, ಅಳಲೆಕಾಯಿಯ ಜ್ಞಾನ ಸುಳ್ಳೇ?

ಮೈಸೂರಿನ ಸದಸ್ಯ: ಅದು ಸುರ್ಕಿ ಗಾರೆ ಸ್ವಾಮಿ. ಸುಣ್ಣ ಮತ್ತು ಇಟ್ಟಿಗೆ ಪುಡಿ. ಬೆಲ್ಲ ಎಲ್ಲಿಂದ ಬಂತು?

ಮಂಡ್ಯದ ಸದಸ್ಯ: ನಮ್ಮ ಅಜ್ಜನ ಮನೆಗೆ ಬೆಲ್ಲ ಹಾಕಿದ್ದರು. ಇಂದಿಗೂ ಒಂದು ಬಿರುಕಿಲ್ಲ.

ಮೈಸೂರಿನ ಸದಸ್ಯ: ಅಜ್ಜನ ಮನೆಗೆ ಮೋಲ್ಡ್ ಇತ್ತೇ? ಮರದ ತೊಲೆಯ ಮೇಲೆ ಇಟ್ಟಿಗೆ ನಿಲ್ಲಿಸಿದ ಮದ್ರಾಸ್ ತಾರಸಿ ಇದ್ದಿರಬೇಕು.

ಮಂಡ್ಯದ ಸದಸ್ಯ: ನಮ್ಮ ಮನೆಯ ವಿಷಯ ನಿಮಗೇಕೆ?

ಎಂಜಿನಿಯರ್: ಅಜ್ಜ ಹಾಕಿದ್ದು ಸುಣ್ಣಕ್ಕೆ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಲ್ಲ ಒಗ್ಗುತ್ತದೆ. ಅಜ್ಜನಿಗೆ ತನ್ನ ಗಾರೆ ಗೊತ್ತಿತ್ತು. ಸಂದೇಶ ಕಳುಹಿಸಿದವನಿಗೆ ಗೊತ್ತಿಲ್ಲ.

ಶಿರಾದ ಸದಸ್ಯ: ಸರ್, ಮೋಲ್ಡಿಗೆ ಎಷ್ಟು ದಿನ ನೀರು ಹಾಕಬೇಕು?

ಎಂಜಿನಿಯರ್: ಮೇಲೆ ಓದಿ.

ಹೊಸಕೋಟೆಯ ಸದಸ್ಯ: ಗಾರೆಗೆ ಮೊಟ್ಟೆಯ ಬಿಳಿ ಬೆರೆಸಿದರೆ ಹೊಳಪು ಬರುತ್ತದೆ ಎಂದು ಈಗಷ್ಟೇ ಒಂದು ವಿಡಿಯೊ...

ಎಂಜಿನಿಯರ್: ಮೊಟ್ಟೆಯನ್ನು ತಿನ್ನಿ.

ಮಂಡ್ಯದ ಸದಸ್ಯ: ಉತ್ತರಿಸುವ ರೀತಿಯೇ ಇದು?

ಪುತ್ತೂರಿನ ಸದಸ್ಯ: ಸರ್, ನನ್ನ ಮುರಕಲ್ಲಿನ ಪ್ರಶ್ನೆ?

ತುಮಕೂರಿನ ಸದಸ್ಯ: ಮೂಟೆ ನೋಡಿದೆ. ಪಿಪಿಸಿ ಎಂದಿದೆ. ಹಾಗಾದರೆ 7 ದಿನವೇ?

ಅರಸೀಕೆರೆಯ ಸದಸ್ಯ: ಗೋಣಿ ಹೊದಿಸಿದೆವು ಸರ್. ಸೆಂಟ್ರಿಂಗ್ ಬಾಡಿಗೆ ದಿನದಿನಕ್ಕೂ ಏರುತ್ತಿದೆ, ಅಡುಗೆಮನೆಯ ಕೆಳಗಿನ ನಾಲ್ಕು ಕಂಬ ಬಿಟ್ಟು ಉಳಿದದ್ದನ್ನು ಬಿಚ್ಚಲೇ ಎಂದು ಮೇಸ್ತ್ರಿ ಕೇಳುತ್ತಿದ್ದಾನೆ.

ಎಂಜಿನಿಯರ್: ಒಂದೇ ಚಾವಣಿ, ಒಂದೇ ಕಬ್ಬಿಣ. ಒಂದು ಕಂಬವನ್ನೂ ಮುಟ್ಟಬಾರದು. ನಕ್ಷೆ ಮಾಡಿದ ಎಂಜಿನಿಯರನ್ನು ನಾಳೆ ಬೆಳಿಗ್ಗೆಯೇ ಕರೆಸಿ. ಬಾಡಿಗೆ ಕಟ್ಟಿ.