ವಯಸ್ಸಾದ ಗೋಲ್ಡ್‌ಫಿಶ್‌ಗೆ ಆಂಟಿಆಕ್ಸಿಡೆಂಟ್ ಡ್ರಾಪ್ಸ್ ಹಾಕಬೇಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮ ಗೋಲ್ಡ್‌ಫಿಶ್‌ಗೆ ಒಂಬತ್ತು ವರ್ಷ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ತಂದಿದ್ದು, ಈಗ ಅವಳು ಪಿಯುಸಿ. ಈಚೆಗೆ ಮೀನಿನ ಬಣ್ಣ ಮಾಸಿದೆ, ತಳದಲ್ಲೇ ಜಾಸ್ತಿ ಹೊತ್ತು ಕೂತಿರುತ್ತದೆ. ಅಂಗಡಿಯವರು "ವಯಸ್ಸಾಯ್ತು, ಆಕ್ಸಿಡೇಟಿವ್ ಸ್ಟ್ರೆಸ್, ಈ ಡ್ರಾಪ್ಸ್ ನೀರಿಗೆ ಹಾಕಿ" ಅಂತ ಬಾಟಲಿ ಕೊಟ್ಟರು. ಹಾಕಲಾ?

ಉತ್ತರ: ಸದ್ಯಕ್ಕೆ ಬೇಡ ಮೇಡಂ, ಬಾಟಲಿ ಪಕ್ಕಕ್ಕಿಡಿ. ಚೆನ್ನಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ ಇಪ್ಪತ್ತು ವರ್ಷವೂ ಬಾಳುತ್ತದೆ. ಇಂಗ್ಲೆಂಡಿನಲ್ಲಿ ಟಿಶ್ ಅನ್ನೋ ಮೀನು 43 ವರ್ಷ ಬದುಕಿ 1999ರಲ್ಲಿ ಸತ್ತಿತು. ನಿಮ್ಮದು ಇನ್ನೂ ನಡುವಯಸ್ಸಿನದು.

ಅಂಗಡಿಯವರು ಹೇಳಿದ ಪದವೇನೋ ಸುಳ್ಳಲ್ಲ. ಜೀವಕೋಶ ಆಮ್ಲಜನಕ ಬಳಸುವಾಗ ಒಂದಿಷ್ಟು ಕಿಡಿಗಳು (ಫ್ರೀ ರ‍್ಯಾಡಿಕಲ್‌ನಂಥ ಚುರುಕು ಅಣುಗಳು) ಸಿಡಿಯುತ್ತವೆ, ಒಲೆಯ ಹಾಗೆ. ಆರಿಸೋದಕ್ಕಿಂತ ಕಿಡಿ ಜಾಸ್ತಿಯಾದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಮೀನಿನ ಮೈಯಲ್ಲಿರೋದು ಚಳಿಗೂ ಹೆಪ್ಪುಗಟ್ಟದ ತೆಳು ಕೊಬ್ಬು. ಇಂಥ ಕೊಬ್ಬಿಗೆ ಕಿಡಿ ಬೇಗ ತಾಗುತ್ತದೆ. ಆರಿಸೋಕೆ ಮೈಯೊಳಗೇ ಎಸ್‌ಒಡಿ (ಸೂಪರಾಕ್ಸೈಡ್ ಡಿಸ್ಮ್ಯುಟೇಸ್), ಕ್ಯಾಟಲೇಸ್, ಗ್ಲುಟಾಥಯಾನ್ ಪೆರಾಕ್ಸಿಡೇಸ್ ಅನ್ನೋ ಕಿಣ್ವಗಳಿವೆ. ವಯಸ್ಸಾದಂತೆ ರಿಪೇರಿ ನಿಧಾನವಾಗುತ್ತದೆ. ಮುದಿ ಮೀನಿನ ಲಿವರ್ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಳದಿ-ಕಂದು ಚುಕ್ಕೆಗಳು ಕಾಣುತ್ತವೆ. ಇದು ಲಿಪೊಫಸ್ಸಿನ್, ಬಾಣಲೆ ತಳಕ್ಕೆ ಹತ್ತಿದ ಜಿಡ್ಡಿನಂತೆ ಉಳಿದುಹೋದ ಕಸ.

ಕಿಡಿ ಆರಿಸೋ ಪದಾರ್ಥಕ್ಕೇ ಆಂಟಿಆಕ್ಸಿಡೆಂಟ್ ಅನ್ನೋದು. ಆದರೆ ಅಂಥ ವಿಟಮಿನ್ ಇ, ಸಿ ಮೀನಿಗೆ ಸಿಗಬೇಕಾದ್ದು ಹೊಟ್ಟೆಯಿಂದ, ತೊಟ್ಟಿ ನೀರಿನಿಂದಲ್ಲ. ವಿಟಮಿನ್ ಸಿ ಅಂತೂ ಇಂಥ ಮೀನುಗಳು ನಮ್ಮ ಹಾಗೆಯೇ ತಾವೇ ತಯಾರಿಸಿಕೊಳ್ಳಲಾರವು. ಮೀನಿಗೆ ಕಿತ್ತಳೆ ಬಣ್ಣ ಕೊಡೋ ಕ್ಯಾರೊಟಿನಾಯ್ಡ್ ಕೂಡ ಆಹಾರದಿಂದಲೇ ಬರಬೇಕು. ಒಂದು ಕೆಲಸ ಮಾಡಿ: ಫುಡ್ ಡಬ್ಬ ತೆಗೆದು ಮೂಸಿ ನೋಡಿ. ಯಾವತ್ತು ಕೊಂಡಿದ್ದು? ತೊಟ್ಟಿ ಎಲ್ಲಿಟ್ಟಿದ್ದೀರಿ?

ಪ್ರಶ್ನೆ ಕೇಳಿದವರು: ಅಯ್ಯೋ, ಹಳೇ ಚಕ್ಕುಲಿ ಡಬ್ಬದ ಥರ ಕಮಟು ವಾಸನೆ! ಹೋದ ದೀಪಾವಳಿಗೆ ತಂದಿದ್ದು, ದೊಡ್ಡ ಪ್ಯಾಕ್ ಅಗ್ಗ ಅಂತ. ತೊಟ್ಟಿ ಫ್ರಿಜ್ ಪಕ್ಕದಲ್ಲಿದೆ, ಮಧ್ಯಾಹ್ನ ನೀರು 30 ಡಿಗ್ರಿ. ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕಿದರೆ?

ಉತ್ತರ: ಮಾತ್ರೆಯೂ ಬೇಡ, ಸುಮ್ನೆ ನೀರು ಹುಳಿಯಾಗುತ್ತದೆ. ಆ ಡಬ್ಬವನ್ನು ಇವತ್ತೇ ಕಸಕ್ಕೆ ಹಾಕಿ. ಕಮಟು ಎಣ್ಣೆ ತಿನ್ನಿಸೋದು ಅಂದರೆ ಕಿಡಿಯನ್ನೇ ತಿನ್ನಿಸಿದ ಹಾಗೆ, ಅದರಲ್ಲಿದ್ದ ವಿಟಮಿನ್ನೂ ಅಷ್ಟರಲ್ಲಿ ಹಾಳಾಗಿರುತ್ತದೆ. ಚಿಕ್ಕ ಪ್ಯಾಕ್ ತನ್ನಿ, ಎರಡು ತಿಂಗಳಲ್ಲಿ ಮುಗಿಯುವಷ್ಟು. ತೊಟ್ಟಿಯನ್ನು ತಂಪು ಜಾಗಕ್ಕೆ ಸರಿಸಿ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30ರಲ್ಲಿ ಏಳೂವರೆ ಅಷ್ಟೇ. ಬಿಸಿಗೆ ಮೀನಿಗೆ ಬೇಕಾಗೋದು ಜಾಸ್ತಿ, ನೀರಲ್ಲಿ ಸಿಗೋದು ಕಡಿಮೆ.

ಇನ್ನೊಬ್ಬರು: ಸರ್, ನಮ್ಮಲ್ಲಿ ಕರೆಂಟ್ ಹೋದರೆ ನಾಲ್ಕು ಗಂಟೆ ಏರ್ ಪಂಪ್ ಬಂದ್. ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಇದೂ ಅದೇ ಸ್ಟ್ರೆಸ್ಸಾ?

ಉತ್ತರ: ಒಳ್ಳೇ ಪ್ರಶ್ನೆ. ತಮಾಷೆ ಅಂದರೆ ಉಸಿರು ಕಟ್ಟಿದಾಗಿನಷ್ಟೇ ಅಪಾಯ ಗಾಳಿ ವಾಪಸ್ ಬಂದಾಗಲೂ ಇದೆ. ಆಮ್ಲಜನಕ ಒಮ್ಮೆಲೇ ನುಗ್ಗಿದರೆ ಕಿಡಿಯೂ ಒಮ್ಮೆಲೇ ಏಳುತ್ತದೆ. ಗೋಲ್ಡ್‌ಫಿಶ್ ಇದಕ್ಕೆ ಮೊದಲೇ ತಯಾರಾಗುತ್ತದೆ. ಆಮ್ಲಜನಕ ಇಲ್ಲದ ಹೊತ್ತಲ್ಲೇ ಲಿವರ್‌ನಲ್ಲಿ ಕ್ಯಾಟಲೇಸ್, ಮಿದುಳಿನಲ್ಲಿ ಗ್ಲುಟಾಥಯಾನ್ ಪೆರಾಕ್ಸಿಡೇಸ್ ಚಟುವಟಿಕೆ ಹೆಚ್ಚುತ್ತದೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದ ಹಾಗೆ. ಇನ್ನೊಂದು ವಿಚಿತ್ರ: ಆಗ ಮೈಯಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ಅದು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಹಾಕುತ್ತದೆ. ಆದರೂ ದಿನಾ ಪರೀಕ್ಷೆ ಒಡ್ಡಬೇಡಿ. ಬ್ಯಾಟರಿ ಪಂಪ್ ಇಟ್ಟುಕೊಳ್ಳಿ.

ಮತ್ತೊಬ್ಬರು: ರೆಸ್ವೆರಟ್ರಾಲ್ (ದ್ರಾಕ್ಷಿ ಸಿಪ್ಪೆಯಲ್ಲಿರೋ ಪದಾರ್ಥ) ಕೊಟ್ಟರೆ ಮೀನಿನ ಆಯಸ್ಸು ಹೆಚ್ಚುತ್ತೆ ಅಂತ ಓದಿದೆ?

ಉತ್ತರ: ಅದು 2006ರ ಪ್ರಯೋಗ, ಆಫ್ರಿಕಾದ ಕಿಲ್ಲಿಫಿಶ್ ಮೇಲೆ. ಆಹಾರದಲ್ಲಿ ಬೆರೆಸಿ ಕೊಟ್ಟಾಗ ಹೆಚ್ಚು ದಿನ ಬದುಕಿದ್ದು ನಿಜ. ಆದರೆ ಅದು ಮಳೆಗುಂಡಿಯ ಮೀನು, ಆ ತಳಿಯ ಆಯಸ್ಸೇ ಕೆಲವು ತಿಂಗಳು. ಆ ಲೆಕ್ಕ ಗೋಲ್ಡ್‌ಫಿಶ್‌ಗೆ ಹೊಂದೋದಿಲ್ಲ.

ಮೇಡಂ, ಮರೆತಿದ್ದೆ. ಮೀನು ತಳದಲ್ಲಿ ಕೂರೋಕೆ ಮೀನಿನ ಕಸದಿಂದ ನೀರಲ್ಲಿ ಸೇರೋ ವಿಷಗಳಾದ ಅಮೋನಿಯಾ, ನೈಟ್ರೈಟ್ ಕೂಡ ಕಾರಣ ಇರಬಹುದು. ಇವತ್ತು ಕಾಲು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರು. ಬದಲಿಸೋ ಮುಂಚೆ ಟೆಸ್ಟ್ ಕಿಟ್‌ನಲ್ಲಿ ನೋಡಿ ಅಂಕಿ ಇಲ್ಲಿ ಹಾಕಿ. ಮೇಲಿನಿಂದ ತೆಗೆದ ಒಂದು ಫೋಟೋನೂ ಇರಲಿ, ಹೊಟ್ಟೆ ಊದಿದೆಯಾ ನೋಡೋಣ.