ಪದಚರ್ಚೆ: ‘ಹೊಟ್ಟೆ ತುಂಬುವ ಮುನ್ನ ನಿಲ್ಲಿಸಿ’ ಅಂದರೆ ಎಲ್ಲಿ ನಿಲ್ಲಿಸೋದು?

ಎಲ್ಲರಿಗೂ ನಮಸ್ಕಾರ. ಮೂರ್ನಾಲ್ಕು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಸ್ವಲ್ಪ ಉದ್ದ ಆಗುತ್ತೆ, ಆದರೆ ಸಂದರ್ಭ ಹೇಳದೆ ಬರೀ ಪದ ಕೇಳಿದರೆ ಪ್ರಯೋಜನ ಇಲ್ಲ.

ನಮ್ಮಕ್ಕನಿಗೆ ಐದು ತಿಂಗಳ ಹಿಂದೆ ಮೈಸೂರಿನಲ್ಲಿ ತೂಕ ಇಳಿಸುವ ಆಪರೇಷನ್ ಆಯಿತು. ಸ್ಲೀವ್ ಅಂತಾರೆ. ಜಠರದಲ್ಲಿ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಕಾಯಿ ಆಕಾರದ ಸಣ್ಣ ಕೊಳವೆಯ ಹಾಗೆ ಬಿಡುತ್ತಾರೆ. ಅಕ್ಕನ ಮನೆ ಮದ್ದೂರಿನ ಹತ್ತಿರದ ಹಳ್ಳಿ, ನಾನಿರೋದು ಮೈಸೂರಲ್ಲಿ. ಮನೆಗೆ ಕಳಿಸುವಾಗ ಊಟದ ಬಗ್ಗೆ ಒಂದು ಹಾಳೆ ಕೊಟ್ಟಿದ್ದರು, ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು. ಅದರಲ್ಲಿ ಅಕ್ಷರ ತಪ್ಪಿಲ್ಲ, ವ್ಯಾಕರಣವೂ ಸರಿಯಾಗಿದೆ. ಆದರೂ ಅಕ್ಕ ಅದನ್ನು ನಂಬಿಯೇ ಎರಡು ಸಲ ಕಷ್ಟಪಟ್ಟಳು. ಅದಕ್ಕೇ ಆ ಹಾಳೆಯನ್ನು ತಿದ್ದೋಕೆ ಹೊರಟಿದ್ದೇನೆ.

ಮೊದಲನೇ ಸಲ ನಾಲ್ಕನೇ ವಾರದಲ್ಲಿ. ಆಗ ನುಣ್ಣಗೆ ಕಿವುಚಿದ ಊಟ ಶುರುವಾಗಿತ್ತು. ಹಾಳೆಯಲ್ಲಿ ‘ಹೊಟ್ಟೆ ತುಂಬುವ ಮುನ್ನ ನಿಲ್ಲಿಸಿ’ ಅಂತಿದೆ. ಅಕ್ಕ ಗಟ್ಟಿ ಬೇಳೆಯನ್ನು ನಾಲ್ಕು ಚಮಚ ತಿಂದಳು, ಇನ್ನೂ ಎರಡು ತಿಂದಳು, ಆಮೇಲೆ ಎದ್ದು ಹೋಗಿ ಎಲ್ಲ ವಾಂತಿ ಮಾಡಿಕೊಂಡಳು. ಯಾಕಕ್ಕ ನಿಲ್ಲಿಸಲಿಲ್ಲ ಅಂದರೆ, ‘ನಾಲ್ಕು ಚಮಚಕ್ಕೆ ಹೊಟ್ಟೆ ಎಲ್ಲಪ್ಪ ತುಂಬ್ತದೆ?’ ಅಂದಳು. ಅವಳ ಮಾತು ಸರಿಯೇ. ನಮ್ಮ ಕಡೆ ಹೊಟ್ಟೆ ತುಂಬೋದು ಅಂದರೆ ಎರಡು ಮುದ್ದೆ ಇಳಿದು, ತೇಗು ಬಂದು, ಎಲೆಯ ಮೇಲೆ ಕೈ ಅಡ್ಡ ಇಟ್ಟು ‘ಬ್ಯಾಡ’ ಅನ್ನೋದು. ಅದಕ್ಕಿಂತ ಮುಂಚೆ ಎದ್ದರೆ ಅದು ‘ಅರೆಹೊಟ್ಟೆ’, ಅಂದರೆ ಬಡತನ, ಇಲ್ಲದಿದ್ದರೆ ಮುನಿಸು. ಆ ಮೊದಲ ಸುಳಿವಿಗೆ, ಇನ್ನೂ ತುಂಬಿಲ್ಲ ಆದರೆ ಜಾಗ ಮುಗೀತು ಅನ್ನೋ ಗಳಿಗೆಗೆ, ನಮ್ಮಲ್ಲಿ ಪದ ಇದೆಯಾ?

ನಾನು ಕೆಲವು ಯೋಚಿಸಿದೆ. ‘ತಣಿ’ ಅನ್ನೋ ಹಳೆಯ ಮಾತು ಚೆನ್ನಾಗಿದೆ, ದಾಹ ತಣಿಯಿತು, ಕೋಪ ತಣಿಯಿತು ಅಂತೀವಿ. ಆದರೆ ‘ತಣಿಯೆ ಉಂಡರು’ ಅಂದರೆ ಪೂರ್ತಿ ತೃಪ್ತಿಯಾಗುವಷ್ಟು ಅಂತಲೇ ಆಗುತ್ತೆ, ಇಲ್ಲಿಗೆ ಹೊಂದಲ್ಲ. ‘ಹಸಿವು ಹಿಂಗಿದ ಕೂಡಲೇ’ ಅನ್ನಬಹುದಾ? ಅಲ್ಲೂ ತೊಡಕಿದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ, ಈ ಆಪರೇಷನ್‌ನಲ್ಲಿ ಆ ಭಾಗವೇ ಹೋಗುತ್ತೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಎಷ್ಟೋ ಜನಕ್ಕೆ ಹಸಿವೇ ಆಗಲ್ಲ, ಗಡಿಯಾರ ನೋಡಿಕೊಂಡು ತಿನ್ನಬೇಕು. ಇಲ್ಲದ ಹಸಿವು ಹಿಂಗೋದು ಹೇಗೆ?

ಅಕ್ಕ ತಾನೇ ಒಂದು ಮಾತು ಕಂಡುಕೊಂಡಿದ್ದಾಳೆ. ‘ಒತ್ಕಂಡು ಬತ್ತದೆ ಕನಪ್ಪ, ಆಗ ಚಮ್ಚ ಮಡಗ್ಬುಡ್ತೀನಿ’ ಅಂತಾಳೆ. ಪಕ್ಕದಲ್ಲಿ ಕೂತು ನೋಡಿದ್ದೇನೆ. ಐದನೇ ಚಮಚ ಬಾಯಿಗೆ ಹೋಗುತ್ತೆ, ಒಂದು ಸಣ್ಣ ಬಿಕ್ಕಳಿಕೆ, ಮೂಗಿನ ತುದಿ ಒದ್ದೆ, ನಿಧಾನವಾಗಿ ಒಂದು ಉಸಿರು ಬಿಡುತ್ತಾಳೆ. ಅಷ್ಟೇ, ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಚಮಚ ಹೋದರೂ ವಾಂತಿ. ‘ಅಳು ಒತ್ತರಿಸಿ ಬಂತು’ ಅಂತೀವಲ್ಲ, ಅದೇ ಒತ್ತು. ಹಾಳೆಯಲ್ಲಿ ‘ಎದೆ ಒತ್ತಿದ ಕೂಡಲೇ ನಿಲ್ಲಿಸಿ’ ಅಂತ ಬರೆಯೋಣ ಅಂದೆ, ಡಯಟೀಶಿಯನ್ ಮೇಡಂ ಬೇಡವೇ ಬೇಡ ಅಂದರು, ಎದೆ ಒತ್ತುತ್ತೆ ಅಂದರೆ ಜನ ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತಾರೆ, ಅಥವಾ ನಿಜವಾದ ಎದೆನೋವನ್ನು ಊಟದ್ದು ಅಂದುಕೊಂಡು ಸುಮ್ನೆ ಮಲಗಿಬಿಡುತ್ತಾರೆ ಅಂತ. ಅದು ನಿಜ. ಅದಕ್ಕೇ ಕೇಳ್ತಿರೋದು: ಎದೆಗೂಡು ಮುಗಿಯುವ ಕಡೆ, ಪಕ್ಕೆಲುಬುಗಳ ನಡುವೆ ಗುಳಿ ಇರುತ್ತಲ್ಲ, ಆ ಜಾಗಕ್ಕೆ ನಿಮ್ಮ ಊರಲ್ಲಿ ಏನಂತೀರಿ? ‘ಮೇಲ್ಹೊಟ್ಟೆ’ ಅಂದರೆ ಅಕ್ಕ ಹೊಕ್ಕುಳ ಹತ್ತಿರ ಕೈ ಇಡುತ್ತಾಳೆ.

ಎರಡನೇ ಸಲದ್ದು ಇನ್ನೂ ಬೇಜಾರಿನ ವಿಷಯ. ಹಾಳೆಯಲ್ಲಿ ‘ಪೌಷ್ಟಿಕ ಆಹಾರ ಕೊಡಿ’ ಅಂತಿದೆ. ಪುಷ್ಟಿ ಅಂದರೆ ಮನೆಯವರಿಗೆ ಗೊತ್ತಿರೋದು ಬಾಣಂತಿಗೆ ಕೊಡೋ ಹಾಗೆ ಬೆಲ್ಲ, ತುಪ್ಪ, ಹುರಿಹಿಟ್ಟು. ಅಕ್ಕ ಸುಸ್ತು ಅಂದಳು ಅಂತ ಅವಳ ಅತ್ತೆ ಪ್ರೀತಿಯಿಂದ ಒಂದು ಲೋಟ ಬೆಲ್ಲದ ಪಾನಕ ಮಾಡಿಕೊಟ್ಟರು. ಮಂಡ್ಯ ಸೀಮೆಯಲ್ಲಿ ಸುಸ್ತಿಗೆ ಬೆಲ್ಲ ಬಿಟ್ಟು ಇನ್ನೇನು ಕೊಡ್ತಾರೆ ಹೇಳಿ. ಕಾಲು ಗಂಟೆಯೊಳಗೆ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ತೊಳಸಿ ಭೇದಿ. ಕಂಬ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳಂತೆ. ಅತ್ತೆ ಅವತ್ತು ರಾತ್ರಿಯೆಲ್ಲ ಅಳುತ್ತಿದ್ದರು.

ಇದಕ್ಕೆ ಡಾಕ್ಟರುಗಳು ಡಂಪಿಂಗ್ ಅಂತಾರೆ. ಜಠರ ಊಟವನ್ನು ಹಿಡಿದಿಟ್ಟು ವಸಿ ವಸಿಯಾಗಿ (ಸ್ವಲ್ಪ ಸ್ವಲ್ಪವಾಗಿ) ಕರುಳಿಗೆ ಬಿಡೋ ಬದಲು ಒಟ್ಟಿಗೇ ಇಳಿಸಿಬಿಡುತ್ತೆ, ಸಿಹಿ ಜಾಸ್ತಿ ಇದ್ದರೆ ಕರುಳಿನೊಳಕ್ಕೆ ನೀರು ಎಳೆದುಕೊಳ್ಳುತ್ತೆ. ತೂಕ ಇಳಿಸೋಕೇ ಮಾಡುವ ಇನ್ನೊಂದು ಆಪರೇಷನ್, ಗ್ಯಾಸ್ಟ್ರಿಕ್ ಬೈಪಾಸ್ (ಹೃದಯದ್ದಲ್ಲ) ಮಾಡಿಸಿಕೊಂಡವರಲ್ಲಿ ಇದು ಜಾಸ್ತಿ, ಸ್ಲೀವ್‌ನಲ್ಲೂ ಆಗುತ್ತೆ. ತಿಂದ 10ರಿಂದ 30 ನಿಮಿಷಕ್ಕೆ ಬರೋದು ಒಂದು ಬಗೆ, ಒಂದರಿಂದ ಮೂರು ಗಂಟೆ ಬಿಟ್ಟು ರಕ್ತದ ಸಕ್ಕರೆ ಇಳಿದು ಕೈ ನಡುಗಿ ಬವಳಿ ಬರೋದು ಇನ್ನೊಂದು ಬಗೆ. ಹಾಳೆಯಲ್ಲಿ ಇದನ್ನು ‘ಸುರಿಯುವಿಕೆ ಲಕ್ಷಣಕೂಟ’ ಅಂತ ಬರೆದಿದ್ದಾರೆ. ಓದಿದವರಿಗೆ ಏನು ಸುರಿಯುತ್ತೆ, ಎಲ್ಲಿ ಸುರಿಯುತ್ತೆ ಅಂತ ಹೊಳೆಯಲ್ಲ. ನನಗೆ ತೋಚಿದ್ದು ‘ಜಾರೂಟ’, ಊಟ ಜಾರಿಬಿಡೋದು ಅಂತ. ‘ದಿಢೀರ್ ಇಳಿತ’ ಅಂತ ಒಬ್ಬ ಗೆಳೆಯ ಹೇಳಿದ, ಆದರೆ ತೂಕವೇ ದಿಢೀರ್ ಇಳೀತು ಅಂತ ಖುಷಿಪಟ್ಟುಬಿಡುತ್ತಾರೆ. ಡಂಪಿಂಗ್ ಅಂತಲೇ ಇಟ್ಟು ಪಕ್ಕದಲ್ಲಿ ಬಿಡಿಸಿ ಹೇಳೋದೇ ವಾಸಿನಾ? ನಿಮ್ಮ ಅಭಿಪ್ರಾಯ ಬೇಕು.

‘ದ್ರವಾಹಾರ’ದ ಬಗ್ಗೆ ನನಗೆ ಗೊಂದಲ ಇಲ್ಲ. ಅಡುಗೆಮನೆಯಲ್ಲೇ ಪದ ಇವೆ. ತಿಳಿ, ಅಂಬಲಿ, ಗಂಜಿ, ಕಿವುಚಿದ್ದು, ಮೆತ್ತಗೆ ಬೇಯಿಸಿದ್ದು, ಹೀಗೆ ವಾರಕ್ಕೊಂದು ಮೆಟ್ಟಿಲು ಹತ್ತಿಸಬಹುದು. ಆದರೆ ‘ಸತ್ವ’ ಅನ್ನೋ ಪದ ಬಳಸಬೇಡಿ ಅಂತ ಹೇಳುತ್ತೇನೆ. ಸತ್ವವೆಲ್ಲ ಬೇಳೆ ಕಟ್ಟಿಗೆ ಇಳಿದಿರುತ್ತೆ ಅಂತ ನಮ್ಮವರು ಕಟ್ಟು ಮಾತ್ರ ಕುಡಿಸಿ ಬೇಳೆ ಬಿಟ್ಟುಬಿಡುತ್ತಾರೆ. ಪ್ರೋಟೀನು ಹೆಚ್ಚಾಗಿ ಉಳಿದಿರೋದು ಆ ಬೇಳೆಯಲ್ಲೇ. ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನು ಬೇಕು, ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6. ಪಠ್ಯಪುಸ್ತಕದ ‘ಸಸಾರಜನಕ’ ಯಾರಿಗೂ ನಾಲಿಗೆ ಮೇಲೆ ಇಲ್ಲ, ಪ್ರೋಟೀನು ಅಂದರೆ ಅಕ್ಕನಿಗೂ ಅರ್ಥ ಆಗುತ್ತೆ.

ಇಲ್ಲೇ ಇನ್ನೊಂದು ಮಾತು. ನಾವು ‘ಊಟ’ ಅನ್ನೋದು ಮುದ್ದೆ, ಅನ್ನಕ್ಕೆ. ಮೊಟ್ಟೆ, ಕಾಳು, ಮೀನು ಎಲ್ಲ ನಂಚಿಕೊಳ್ಳೋಕೆ. ಆಪರೇಷನ್ ಆದವರಿಗೆ ಇದು ತಲೆಕೆಳಗಾಗಬೇಕು. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಪ್ರೋಟೀನು 7 ಗ್ರಾಂ ಮಾತ್ರ. ಅರ್ಧ ಬಟ್ಟಲು ಜಾಗದಲ್ಲಿ ಮೊದಲು ಮುದ್ದೆ ಹೋದರೆ ಮೊಟ್ಟೆಗೆ ಎಡೆಯೇ ಇಲ್ಲ. ಅಲ್ಲದೆ ಮುದ್ದೆಯನ್ನು ನಾವು ನುಂಗೋರು, ಅಗಿಯೋರಲ್ಲ. ಇವರು ಪ್ರತಿ ತುತ್ತನ್ನೂ ನೀರಾಗುವಷ್ಟು ಅಗಿಯಬೇಕು. ಅಕ್ಕನಿಗೆ ನಾನು ಹೀಗೆ ಹೇಳಿದೆ: ‘ಅಕ್ಕ, ಇನ್ಮೇಲೆ ಮೊಟ್ಟೆ ಊಟ, ಮುದ್ದೆ ನಂಚಿಕೊಳ್ಳೋಕೆ’. ತಕ್ಷಣ ಹಿಡಿದುಕೊಂಡಳು. ಹಾಳೆಯಲ್ಲಿ ಹೀಗೇ ಬರೆದರೆ ಹಾಸನ, ಚಾಮರಾಜನಗರದ ಕಡೆಯವರಿಗೂ ಅರ್ಥ ಆಗುತ್ತಲ್ವಾ? ಉತ್ತರ ಕರ್ನಾಟಕದವರು ರೊಟ್ಟಿಗೆ ಹೇಗೆ ಹೇಳುತ್ತೀರಿ?

ನೀರಿಗೆ ‘ಗುಟುಕು ಗುಟುಕಾಗಿ’ ಅಂತ ಬರೆದಿದ್ದಾರೆ. ಗುಟುಕು ಅಂದರೆ ಬಾಯಿ ತುಂಬ ಒಂದು ಸಲ ನುಂಗೋದು ಅಲ್ವಾ? ಇಲ್ಲಿ ಬೇಕಾಗಿರೋದು ಅದರ ಕಾಲು ಭಾಗ. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆ ಇಲ್ಲದ ಹಾಗೆ, ಊಟದ ಜೊತೆಗೆ ಕುಡಿಯದೆ, ಊಟ ಆಗಿ ಅರ್ಧ ಗಂಟೆ ಬಿಟ್ಟು. ಮಂಡ್ಯದ ‘ವಸಿ ವಸಿ’ ನನಗೆ ಸರಿ ಕಾಣುತ್ತೆ, ಬೇರೆ ಕಡೆ ನಡೆಯುತ್ತಾ?

ಕೊನೆಯದು ‘ಶಕ್ತಿ ಮಾತ್ರೆ’. ಬಿ12, ಕಬ್ಬಿಣ, ಕ್ಯಾಲ್ಸಿಯಂ ಎಲ್ಲಕ್ಕೂ ಊರಲ್ಲಿ ಇದೇ ಹೆಸರು. ಶಕ್ತಿ ಬಂತು ಅನಿಸಿದ ದಿನ ಬಿಟ್ಟುಬಿಡುತ್ತಾರೆ. ಅಕ್ಕನೂ ಮೂರನೇ ತಿಂಗಳಿಗೆ ಬಿಟ್ಟಿದ್ದಳು, ಕೂದಲು ಗೊಂಚಲು ಗೊಂಚಲಾಗಿ ಬಂದಾಗಲೇ ನಮಗೆ ಗೊತ್ತಾಗಿದ್ದು. ಬಾಚಣಿಗೆ ತೋರಿಸಿ ಅತ್ತಳು. ತೂಕ ಬೇಗ ಇಳಿದಾಗ ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರೋದು ಇದ್ದದ್ದೇ, ಸಾಮಾನ್ಯವಾಗಿ ಮತ್ತೆ ಬರುತ್ತೆ ಅಂತ ಆಸ್ಪತ್ರೆಯವರು ಅಂದರು. ಆದರೆ ಮಾತ್ರೆ ಬಿಡೋ ಹಾಗಿಲ್ಲ, ಬಿ12 ಮೈಗೆ ಹತ್ತಲು ಬೇಕಾದ ಅಂಶ ಜಠರದ ಗೋಡೆಯಲ್ಲೇ ತಯಾರಾಗೋದು, ಈಗ ಆ ಗೋಡೆಯೇ ಕಮ್ಮಿ. ಜೀವನಪೂರ್ತಿ ನುಂಗಬೇಕು. ಕಬ್ಬಿಣದ್ದು, ಕ್ಯಾಲ್ಸಿಯಂದು ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಬೇಕು. ‘ನಿತ್ಯದ ಮಾತ್ರೆ’ ಅನ್ನೋಣ ಅಂತಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಮುಂದಿನ ತಿಂಗಳು ಅಕ್ಕನನ್ನು ಆರನೇ ತಿಂಗಳ ರಕ್ತಪರೀಕ್ಷೆಗೆ ಕರೆತರುತ್ತೇನೆ. ತಿದ್ದಿದ ಹಾಳೆ ತಂದುಕೊಟ್ಟರೆ ಬೇರೆಯವರಿಗೂ ಅದನ್ನೇ ಕೊಡುತ್ತೇವೆ ಅಂತ ಮೇಡಂ ಒಪ್ಪಿದ್ದಾರೆ. ಅಷ್ಟರೊಳಗೆ ನಿಮ್ಮ ಊರಿನ ಪದಗಳನ್ನು ಬರೆಯಿರಿ. ಎಲ್ಲಕ್ಕಿಂತ ಮೊದಲು ಆ ‘ಒತ್ತು’ ಬರೋ ಜಾಗದ ಹೆಸರು ಬೇಕು.