ಲೇಹ್‌ನಲ್ಲಿ ಬೇಯದ ಬೇಳೆ: ನಮ್ಮ ಮಕ್ಕಳಿಗೆ ಹೇಗೆ ಮುಟ್ಟಿಸಲಿ?

ಗದಗ ಮಾಸ್ತರ:
ಗದಗ ಹತ್ತಿರದ ಹಳ್ಳಿಯಲ್ಲಿ ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತೇನೆ. ರಜೆಯಲ್ಲಿ ಲಡಾಖಿನ ಲೇಹ್‌ಗೆ ಹೋಗಿದ್ದೆ. ಸುಮಾರು 3500 ಮೀಟರ್ ಎತ್ತರ. ಮೊದಲ ದಿನ ಒಂದು ಮಹಡಿ ಹತ್ತಿದರೂ ಏದುಸಿರು. ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟೆವು. ನೀರು ಕೊತಕೊತ ಕುದಿಯಿತು, ಒಂದು ತಾಸಾದರೂ ಬೇಳೆ ಗಟ್ಟಿಯಾಗಿಯೇ ಇತ್ತು. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿ ಏರುವುದಿಲ್ಲ. ವರ್ಷಗಟ್ಟಲೆ ಈ ಪಾಠ ಮಾಡಿದ್ದೇನೆ, ಮನಸ್ಸಿಗೆ ಇಳಿದಿದ್ದು ಆ ಪಾತ್ರೆ ಮುಂದೆ ಕೂತಾಗಲೇ.

ಕ್ಲಾಸಿನಲ್ಲಿ ಹೇಳಿದೆ. ಹಿಂದಿನ ಸಾಲಿನವರೂ ಕಿವಿಗೊಟ್ಟರು. ಆಮೇಲೆ ಒಬ್ಬ ಹುಡುಗಿ ಬಂದು, "ನಾವೆಲ್ಲಿ ಅಷ್ಟು ದೂರ ಹೋಗತೇವ್ರಿ ಸರ್?" ಅಂದಳು. ಅದು ಮನಸ್ಸಿನಿಂದ ಹೋಗುತ್ತಿಲ್ಲ. ಏನು ಮಾಡಲಿ?

ಕೆರೆದಂಡೆ:
ಸರ್, ಚಳಿಗಾಲದಲ್ಲಿ ಮಕ್ಕಳನ್ನು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋಗಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟುವ ಹಕ್ಕಿಗಳು. ಇದೇ ಜಾತಿ ಲಡಾಖಿನ ಕೆರೆಗಳಲ್ಲೂ ಮರಿ ಮಾಡುತ್ತದೆ. ನಿಮಗೆ ಏದುಸಿರು ಬಂದ ಎತ್ತರವನ್ನೂ ಮೀರಿ ಹಾರುತ್ತವೆ! ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ಏದುಸಿರಿನಿಂದಲೇ ಪಾಠ ಶುರು ಮಾಡಿ. ಹಕ್ಕಿ ಎದುರಿಗೇ ಇರುತ್ತದೆ.

ಹುಬ್ಬಳ್ಳಿ ಟೀಚರ್:
ಕೆರೆಗೆ ಹೋಗಿ, ಖಂಡಿತ. ನಾನು ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಇಟ್ಟುಕೊಂಡು ಶಬ್ದದ ವೇಗ ಕಲಿಸುತ್ತೇನೆ. ಆ ತುದಿಯಲ್ಲಿ ಎಂಜಿನ್ ಕೂಗಿದರೆ ಈ ತುದಿಗೆ ಕೇಳಲು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಬೇಕು. ಆದರೆ ಮೊದಲು ಆ ಮಕ್ಕಳು ಎಲ್ಲೆಲ್ಲಿ ಹೋಗಿ ಬಂದಿದ್ದಾರೆ ಅಂತ ಕೇಳಿದ್ದೀರಾ? ನಿಮ್ಮ ಕಡೆ ಗುಳೆ ಹೋಗುವವರು ಇದ್ದಾರಲ್ವಾ?

ಗದಗ ಮಾಸ್ತರ:
ಇಲ್ಲ ಮೇಡಂ, ಕೇಳಿರಲಿಲ್ಲ. ಇವತ್ತು ಕೇಳಿದೆ. ಅದೇ ಹುಡುಗಿ ಎರಡು ವರ್ಷ ಅಪ್ಪ-ಅಮ್ಮನ ಜೊತೆ ಗೋವಾದಲ್ಲಿ ಇದ್ದವಳು! "ಅಲ್ಲಿ ಅರಿವಿ ಜಲ್ದಿ ಒಣಗಂಗಿಲ್ರಿ ಸರ್, ಯಾಕ್ರಿ?" ಅಂದಳು. ಆವಿಯಾಗುವಿಕೆ ಪಾಠಕ್ಕೆ ಇದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬಟ್ಟೆಯ ನೀರು ಬೇಗ ಆವಿಯಾಗುವುದಿಲ್ಲ. ನಾಳೆ ಒಂದು ಒದ್ದೆ ಕರವಸ್ತ್ರ ಬಯಲಿನಲ್ಲಿ, ಇನ್ನೊಂದು ಮುಚ್ಚಿದ ಡಬ್ಬಿಯಲ್ಲಿ ಇಡುತ್ತೇವೆ. ಡಬ್ಬಿ ಅವಳೇ ತರುತ್ತಾಳಂತೆ.